ಮಸ್ಕಿಯ ಕಾಕಾ ಬರೆಯದ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ. ಮಸ್ಕಿ ಕಚೇರಿಯ ಹಿರಿಯ ಆಪರೇಟರರ ಹೆಸರಿನಲ್ಲಿ ಫೈಲಿಗೆ ಸೇರಿದ ಆ ಒಂದೂವರೆ ಪುಟದ ಅಭಿಪ್ರಾಯವನ್ನು ಬರೆದವನು ನಾನು. ಅವರು ಅದನ್ನು ಬರೆಯಲಿಲ್ಲ, ಬರೆಸಲಿಲ್ಲ, ಕಣ್ಣಿನಿಂದಲೂ ನೋಡಿರಲಿಲ್ಲ. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡು, ನಾನೇ ಅವರಾಗಿ ಕೂತು ಬರೆದೆ. ಕೆಳಗೆ ಅವರ ಸಹಿಯನ್ನೂ ಹಾಕಿದೆ. ಅದರ ಕೊನೆಯ ಬಾಲವನ್ನು ಅವರಿಗಿಂತ ಚೆಂದವಾಗಿ ಎಳೆದೆ. ಮುಗಿದ ಮೇಲೆ ನನ್ನ ಕಲೆಗೆ ನಾನೇ ಮೆಚ್ಚಿ, ಪಕ್ಕದ ಸೀಟಿನವರಿಗೆ ಒಂದು ಹಿಡಿ ಶೇಂಗಾ ಕೊಟ್ಟದ್ದು ನೆನಪಿದೆ. ಆ ಪುಟದ ದೆಸೆಯಿಂದ ಕೆಲವು ವಾರಗಳ ನಂತರ ಹನ್ನೊಂದು ಜನ ಕೂಲಿಗಳು ಒಂದು ಕತ್ತಲ ಸುರಂಗದೊಳಗೆ, ಕಾಲಿಗೆ ತಣ್ಣಗೆ ತಾಗಿದ್ದೇನೆಂದು ಬಗ್ಗಿ ನೋಡಿದರು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಕಾಲುವೆ ನೀರಿನ ಪಾಳಿ ನೋಡಿಕೊಳ್ಳುವ ಕಚೇರಿಯೊಂದರಲ್ಲಿ, ಲಿಂಗಸುಗೂರಿನಲ್ಲಿ, ನಾನು ಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್. ಅಲ್ಲಿ ನನಗೆ ಎರಡು ಕೆಲಸ. ಒಂದಕ್ಕೆ ಸಂಬಳ ಕೊಡುತ್ತಿದ್ದರು. ಇನ್ನೊಂದನ್ನು, ಅಂದರೆ ಎಲ್ಲರ ಅಣಕು ಮಾಡುವುದನ್ನು, ಪುಕ್ಕಟೆ ಮಾಡುತ್ತಿದ್ದೆ. ನಮ್ಮ ಸೆಕ್ಷನ್ ಸಾಹೇಬರು ಪ್ರತಿ ಮಾತಿನ ಕೊನೆಗೆ “ಹೌದಲ್ಲ?” ಎಂದು ಕೇಳಿ, ಉತ್ತರ ಬರುವ ಮೊದಲೇ ಕೆಮ್ಮಿಬಿಡುತ್ತಿದ್ದರು. ಸಿಂಧನೂರಿನ ವೈರ್‌ಲೆಸ್ ಕ್ಲಾರ್ಕು ಚಹಾ ಅಂಗಡಿಯಲ್ಲೂ “ಒಂದು ಚಾ, ಓವರ್” ಎನ್ನುವ ಮನುಷ್ಯ. ಇವರನ್ನೆಲ್ಲ ನನ್ನ ಗಂಟಲಲ್ಲಿ ಇಟ್ಟುಕೊಂಡಿದ್ದೆ. ನನ್ನನ್ನೂ ಬಿಡುತ್ತಿರಲಿಲ್ಲ: ಬಾಚಣಿಗೆಯನ್ನು ಮೈಕಿನಂತೆ ಹಿಡಿದು, ಕನ್ನಡಿ ಮುಂದೆ ನಿಂತು, “ನನ್ನ ಯಶಸ್ಸಿನ ಗುಟ್ಟು ಏನಂದ್ರ...” ಎಂದು ಸಂದರ್ಶನ ಕೊಡುವ ಗುತ್ತಿಗೆ ನೌಕರನ ಅಣಕು ಎಲ್ಲರಿಗೂ ಇಷ್ಟವಾಗಿತ್ತು. ಒಮ್ಮೆ ಸಾಹೇಬರ ದನಿಯಲ್ಲಿ ಮಸ್ಕಿಗೆ ಫೋನ್ ಮಾಡಿ, ಕಚೇರಿಯ ಫ್ಯಾನು ಎಣಿಸಿ ಹೇಳಿ ಎಂದಿದ್ದೆ. ಅಲ್ಲಿಯ ಹಿರಿಯ ಆಪರೇಟರು, ಮೂರೂ ಕಚೇರಿಯವರು ಕಾಕಾ ಎಂದೇ ಕರೆಯುತ್ತಿದ್ದವರು, ಎದ್ದುಹೋಗಿ ಎಣಿಸಿಬಂದು, “ನಾಕು ಅದಾವ್ರಿ ಸರ್, ಒಂದು ತಿರಗೂದಿಲ್ಲ” ಎಂದಿದ್ದರು. ನಕ್ಕು ನಕ್ಕು ನಮಗೆ ಹೊಟ್ಟೆ ನೋವು ಬಂದಿತ್ತು.

ಕೆಲಸದ ರೀತಿ ಹೀಗಿತ್ತು. ದೊಡ್ಡ ಯಂತ್ರ, ಮೇನ್‌ಫ್ರೇಮ್, ಇದ್ದದ್ದು ದೂರದ ನಗರದ ಎ.ಸಿ. ಕೋಣೆಯಲ್ಲಿ. ನಾವು ಅದನ್ನು ಕಂಡವರಲ್ಲ. ನಮಗೆ ಕಾಣುತ್ತಿದ್ದದ್ದು ಲಿಂಗಸುಗೂರು, ಮಸ್ಕಿ, ಸಿಂಧನೂರು ಕಚೇರಿಗಳಲ್ಲಿ ಒಂದೊಂದು ಟರ್ಮಿನಲ್: ಕಪ್ಪು ಪರದೆ, ಹಸಿರು ಅಕ್ಷರ. ಯಾವ ಉಪಕಾಲುವೆಯ ಗೇಟನ್ನು ಯಾವಾಗ ಎಷ್ಟು ಎತ್ತಬೇಕೆಂದು ಯಂತ್ರ ಲೆಕ್ಕ ಹಾಕಿ, ಆದೇಶಗಳನ್ನು ತಡೆದು ಇಟ್ಟುಕೊಂಡಿರುತ್ತಿತ್ತು. ನಾನು ಆದೇಶದ ಎಂಟಂಕಿಯ ಸಂಖ್ಯೆಯನ್ನು ಪೂರ್ತಿ ಹೊಡೆದು, ಬಿಡುಗಡೆಯ ಇಂಗ್ಲಿಷ್ ಪದ ಹೊಡೆದು, ಎಂಟರ್ ಒತ್ತಿದರೆ ಮಸ್ಕಿಯಲ್ಲೋ ಸಿಂಧನೂರಿನಲ್ಲೋ ಪ್ರಿಂಟರಿನಿಂದ ಚೀಟಿ ಹೊರಬರುತ್ತಿತ್ತು. ಅಲ್ಲಿಯವರು ಅದನ್ನು ವೈರ್‌ಲೆಸ್ಸಿನಲ್ಲಿ ಗೇಟಿನ ಗುಡಿಸಲಿಗೆ ಓದಿ ಹೇಳುತ್ತಿದ್ದರು. ಗೇಟಿನವ ಕೈಚಕ್ರ ತಿರುಗಿಸಿ ಗೇಟು ಎತ್ತುತ್ತಿದ್ದ. ಚೀಟಿ ಬಂದರೆ ಗೇಟು ಎತ್ತು, ಅವನಿಗಿದ್ದ ನಿಯಮ ಅಷ್ಟೇ.

ಆ ವರ್ಷ ಹೊಸ ಮಾತು ಬಂತು, ವೆಬ್. ಹೈದರಾಬಾದಿನ ಕಂಪನಿಯೊಂದು, ನಿಮ್ಮ ಹಳೆಯ ದೊಡ್ಡ ಯಂತ್ರ ಇದ್ದಲ್ಲೇ ಇರಲಿ, ಅದರ ಮುಂದೆ ನಾವೊಂದು ಕಿಟಕಿ ಇಡುತ್ತೇವೆ ಎಂದಿತು. ಬ್ರೌಸರ್ ತೆರೆದರೆ ಬಣ್ಣದ ಪುಟ. ತಡೆದ ಆದೇಶಕ್ಕೆ ಕೆಂಪು, ಬಿಟ್ಟ ಆದೇಶಕ್ಕೆ ಹಸಿರು. ಎಂಟಂಕಿ ಹೊಡೆಯುವ ಕಾಟವಿಲ್ಲ, ಮೌಸಿನಿಂದ ಒಂದು ಗುಂಡಿ ಒತ್ತಿದರೆ ಆಯಿತು. ಅಷ್ಟೇ ಅಲ್ಲ, ಚೀಟಿ ನಡುವಿನ ಕಚೇರಿಗೆ ಬರದೆ, ಫೋನ್ ತಂತಿಯ ಮೇಲೆ ನೇರವಾಗಿ ಗೇಟಿನ ಗುಡಿಸಲಲ್ಲಿಟ್ಟ ಪುಟ್ಟ ಪ್ರಿಂಟರಿನಲ್ಲಿ ಬೀಳುತ್ತದೆ. ಮೇಲಿನ ಕಚೇರಿ ಇದನ್ನು ಒಪ್ಪುವ ಮೊದಲು ಮೂರೂ ಕಚೇರಿಯ ಆಪರೇಟರರ ಲಿಖಿತ ಅಭಿಪ್ರಾಯ ಲಗತ್ತಿಸಿ ಎಂದು ಬರೆಯಿತು. ಏಳು ಪ್ರಶ್ನೆಗಳ ನಮೂನೆ, ಒಂದು ವಾರದ ಗಡುವು. ಸಾಹೇಬರು ಕಟ್ಟನ್ನು ನನ್ನ ಕಡೆ ತಳ್ಳಿದರು.

“ನೀ ಹೆಂಗೂ ಎಲ್ಲಾರ ಬಾಯಿ ಬಲ್ಲಾಂವ. ನೀನಽ ಹೋಗಿ ಬಾ. ಹೌದಲ್ಲ?” ಕೆಮ್ಮು.

ಸಿಂಧನೂರಿನಲ್ಲಿ ಕೆಲಸ ಚಹಾ ಆರುವುದರೊಳಗೆ ಮುಗಿಯಿತು. ಅಲ್ಲಿಯ ಆಪರೇಟರ್ ಅಕ್ಕಾವರು ಬೆರಳು ಚಾಚಿ ತೋರಿಸಿದರು. “ಎಂಟಂಕಿ ಹೊಡದು ಹೊಡದು ಸವದಾವು ನೋಡಪಾ. ಒಂದಂಕಿ ತಪ್ಪಿದ್ರ ಮತ್ತ ಮೊದಲಿಂದ. ಒತ್ತಿದ್ರ ಆತು ಅಂದ್ರ ಬರ್ಕೋ, ಏಳೂ ಪ್ರಶ್ನಿಗೆ ಒಂದಽ ಉತ್ತರ. ಬೇಕು.” ಅವರ ಮಾತು ಸುಳ್ಳಲ್ಲ. ಹಸಿರು ಪರದೆಯ ಕೆಲಸ ನಿಜಕ್ಕೂ ಹೈರಾಣು ಮಾಡುವಂಥದ್ದು, ಮಾಡಿದವನಿಗೇ ಗೊತ್ತು. ವೈರ್‌ಲೆಸ್ ಕ್ಲಾರ್ಕು ಮಾತ್ರ ಸ್ವಲ್ಪ ಹೊತ್ತು ಮೈಕು ಸವರುತ್ತಾ ಕೂತು, “ಚೀಟಿ ಸೀದಾ ಗೇಟಿಗೆ ಹೋದ್ರ ನಾ ಯಾರ ಜೋಡಿ ಮಾತಾಡ್ಲಿ ತಮ್ಮಾ?” ಎಂದ. ಓವರ್ ಎನ್ನಲು ಮರೆತ. ನಾನೇ ಅವನ ದನಿಯಲ್ಲಿ “ಓವರ್” ಎಂದು ಪೂರ್ತಿ ಮಾಡಿದೆ. ಎಲ್ಲರೂ ನಕ್ಕರು, ಅವನು ನಗಲಿಲ್ಲ.

ಮಸ್ಕಿಗೆ ಬಂದಾಗ ಬಿಸಿಲು ಏರಿತ್ತು. ಕಾಕಾ ಹಣೆಗೆ ವಿಭೂತಿ, ಹೆಗಲಿಗೆ ಟವೆಲ್, ಟರ್ಮಿನಲ್ ಮುಂದೆ ನೆಟ್ಟಗೆ ಕೂತಿದ್ದರು.

“ಅಭಿಪ್ರಾಯ ಬೇಕ್ರಿ ಕಾಕಾ. ಏಳು ಪ್ರಶ್ನಿ. ಟಕಟಕ ಹೇಳ್ರಿ, ಬರಕೊಂಡು ಹೋಗ್ತೀನಿ.”

“ಕೂಡು.”

ಕೂತೆ. ಅಷ್ಟರಲ್ಲಿ ಪ್ರಿಂಟರು ಕಿರುಗುಟ್ಟಿ ಒಂದು ಚೀಟಿ ಕಕ್ಕಿತು, ಬಳಗಾನೂರು ಕಡೆಯ ಗೇಟಿನದು. ಕಾಕಾ ಅದನ್ನು ಹರಿದು, ಓದಿ, ಗೇಟಿಗೆ ಹೇಳಲಿಲ್ಲ. ಮೇಜಿನ ಮೇಲಿನ ಕಲ್ಲಿನ ಅಡಿ ಇಟ್ಟು ಮೈಕು ಎತ್ತಿಕೊಂಡರು.

“ಕಾಲುವ್ಯಾಗ ಯಾರ್ಯಾರು ಅದಾರು?”

“ಯಾರೂ ಇಲ್ರಿ,” ಎಂದಿತು ಗುಡಿಸಲು.

“ಕಂಡು ಹೇಳಾಕತ್ತಿಯೋ, ಅಂದ್ಕೊಂಡು ಹೇಳಾಕತ್ತಿಯೋ?”

“ನೋಡಿ ಬರ್ತೀನ್ರಿ.”

ಗೇಟಿನವ ಕಾಲುವೆ ಏರಿಯ ಮೇಲೆ ಸೈಕಲ್ ತುಳಿದು ಹೋಗಿ ಬರಲು ಮುಕ್ಕಾಲು ಗಂಟೆ. ನಾನು ಗಡಿಯಾರ ನೋಡಿದೆ, ಫ್ಯಾನು ನೋಡಿದೆ, ತಿರುಗದ ಆ ಒಂದು ಫ್ಯಾನನ್ನೂ ನೋಡಿದೆ. ಕೊನೆಗೆ ದನಿ ಬಂತು: “ಇಬ್ಬರು ಬಟ್ಟಿ ಒಗ್ಯಾಕತ್ತಿದ್ರು, ಎಬ್ಬಿಸಿ ಕಳಿಸೀನ್ರಿ. ಒಂದು ಎಮ್ಮಿ ಇತ್ತು.”

“ಎಮ್ಮಿ?”

“ಅದೂ ಎದ್ದು ಹೋತ್ರಿ.”

ಆಗ ಕಾಕಾ ಕಲ್ಲಿನಡಿಯ ಚೀಟಿ ತೆಗೆದು ಸಂಖ್ಯೆ ಓದಿದರು.

“ಇದು ಮ್ಯಾನುವಲ್‌ನಾಗ ಎಲ್ಲಿ ಬರದೈತ್ರಿ ಕಾಕಾ?”

“ಎಲ್ಲೂ ಬರದಿಲ್ಲ.”

“ಮತ್ತ ಯಾಕ್ರಿ?”

“ಯಂತ್ರಕ್ಕ ಗೇಟು ಎಲ್ಲೈತಿ ಅಂತ ಗೊತ್ತು. ಕಾಲುವ್ಯಾಗ ಇಳದಾವ್ರು ಯಾರು ಅಂತ ಗೊತ್ತೇನು? ಯಾರಾದ್ರೂ ಕೇಳಬೇಕಲ್ಲೋ.” ಟವೆಲಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಈಗ ನನ್ನ ಪ್ರಶ್ನಿ ಒಂದು. ಆ ಬಣ್ಣದ ಪುಟ ಅಂತೀಯಲ್ಲ, ಅದು ತೋರಸೂದು ಈಗಿಂದೋ, ಆಗಿಂದೋ?”

“ಕಂಪ್ಯೂಟರ್ ಐತ್ರಿ ಕಾಕಾ, ಆಗಿಂದು ಯಾಕ ತೋರಸ್ತೈತಿ?”

“ಅಂದ್ರ ನಿಂಗ ಗೊತ್ತಿಲ್ಲ. ಗೊತ್ತು ಮಾಡ್ಕೊಂಡು ಬಾ. ಆಮ್ಯಾಲ ಏಳಕ್ಕೂ ಬರದುಕೊಡ್ತೀನಿ.”

ಗಡುವು ಮರುದಿನವೇ ಮುಗಿಯುತ್ತಿತ್ತು. ಖಾಲಿ ನಮೂನೆ ಚೀಲದಲ್ಲಿತ್ತು. ಬಸ್ಸಿನಲ್ಲಿ ಕೂತಾಗ ಕಾಕಾನ ದನಿ ಇನ್ನೂ ಕಿವಿಯಲ್ಲಿತ್ತು. ಆಮೇಲಿನದನ್ನು ಮೊದಲೇ ಹೇಳಿದ್ದೇನೆ. “ನಾನು ಹಳಬ,” ಎಂದು ಶುರು ಮಾಡಿದೆ. “ಹಸಿರು ಅಕ್ಷರ ನೋಡಿ ನೋಡಿ ಕಣ್ಣು ಮಂಜಾಗಿವೆ. ಬಣ್ಣ ಬಂದರೆ ಬರಲಿ. ಚೀಟಿ ನೇರವಾಗಿ ಗೇಟಿಗೆ ಹೋದರೆ ನನ್ನ ಗಂಟಲಿಗಾದರೂ ವಿಶ್ರಾಂತಿ. ನನ್ನ ಕಡೆಯಿಂದ ತಕರಾರಿಲ್ಲ.” ಅವರು ಮಾತಿನ ನಡುವೆ ನಿಲ್ಲಿಸುವ ಜಾಗದಲ್ಲಿ ಪೂರ್ಣವಿರಾಮ, ಟವೆಲಿನಿಂದ ಮುಖ ಒರೆಸುವ ಜಾಗದಲ್ಲಿ ಹೊಸ ಸಾಲು. ಹುಡುಗಾಟ ಎಂದು ನಾನು ಈಗ ಹೇಳಿಕೊಳ್ಳಬಹುದು. ಆದರೆ ಸಹಿ ಹಾಕುವಾಗ ಕೈ ಒಂದು ಗಳಿಗೆ ನಿಂತಿತ್ತು. ಬಸ್ಸು ಕುಲುಕುತ್ತಿದೆ, ನಿಲ್ಲಲಿ ಎಂದು ಕಾದೆ. ಬಸ್ಸು ನಿಂತಿತು, ಸಹಿ ಹಾಕಿದೆ.

ಸಾಹೇಬರು ಓದಿ ಮೇಜು ಕುಟ್ಟಿ ನಕ್ಕರು. “ಕಾಕಾನಽ ಮುಂದ ಕುಂತು ಮಾತಾಡಿದಂಗ ಐತಲ್ಲೋ! ಹೌದಲ್ಲ?”

ಹತ್ತು ದಿನಕ್ಕೆ ಪ್ರಯೋಗದ ಮಂಜೂರಾತಿ ಬಂತು. ಅದರಲ್ಲೊಂದು ಸಾಲು: ಮಸ್ಕಿಯ ಹಿರಿಯ ಆಪರೇಟರರೂ ಸಮ್ಮತಿಸಿರುವುದರಿಂದ, ಬಳಗಾನೂರು ಕಡೆಯ ಗೇಟಿಗೆ ಚೀಟಿಯನ್ನು ನೇರವಾಗಿ ಕಳಿಸತಕ್ಕದ್ದು. ಕಾಕಾನಿಗೆ ಈ ಸಾಲು ಗೊತ್ತಿರಲಿಲ್ಲ. ಮೇಲಿನಿಂದ ಬಂದ ಹುಕುಂ, ಅಭಿಪ್ರಾಯ ಕೇಳುವ ಶಾಸ್ತ್ರ ಯಾಕೋ ಬಿಟ್ಟರು ಎಂದುಕೊಂಡು ಸುಮ್ಮನಿದ್ದರಂತೆ.

ಕಂಪನಿಯ ಎಂಜಿನಿಯರ್ ಟೈ ಕಟ್ಟಿಕೊಂಡು ಬಂದ. ಒಳ್ಳೆಯ ಮನುಷ್ಯ. ಯಾವ ಕಷ್ಟ ಹೇಳಿದರೂ ತನ್ನ ತೆಲುಗಿನ ಮರ್ಯಾದೆ ಸೇರಿಸಿ “ಸಿಂಪಲ್ ಅಂಡಿ” ಎನ್ನುತ್ತಿದ್ದ. ಎರಡನೆಯ ದಿನಕ್ಕೇ ಆ ಮಾತು ನನ್ನ ಗಂಟಲಿಗೆ ಇಳಿದಿತ್ತು. ಹಳೆಯ ಟರ್ಮಿನಲ್ಲಿಗೆ ಬಟ್ಟೆ ಹೊದಿಸಿ ಮೂಲೆಗೆ ಸರಿಸಿದೆವು. ಬಣ್ಣದ ಪರದೆಯ ಮುಂದೆ ಕಚೇರಿಯೆಲ್ಲ ಬಂದು ನಿಂತಿತು.

ಮೊದಲ ವಾರದಲ್ಲೇ ಎರಡು ಸಂಗತಿ ನಡೆದವು. ಒಂದು ಬೆಳಿಗ್ಗೆ ಪುಟದಲ್ಲಿ ಒಂದು ಗೇಟು ಹಸಿರಾಗಿತ್ತು. ಅದು ಹಿಂದಿನ ಸಂಜೆಯೇ ಇಳಿದಿದೆ ಎಂದು ಸಿಂಧನೂರಿನವರು ಹೇಳಿದರು. ಎಂಜಿನಿಯರನ್ನು ಕೇಳಿದೆ. “ಬ್ರೌಸರ್ ಹಳೆ ಪುಟ ನೆನಪಿಟ್ಟುಕೊಂಡಿರುತ್ತೆ ಅಂಡಿ. ರಿಫ್ರೆಶ್ ಒತ್ತಿದರೆ ಹೊಸದು ಬರುತ್ತೆ. ಸಿಂಪಲ್.” ಕಾಕಾನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಪುಟ ತೋರಿಸುವುದು ಆಗಿನದು.

ಎರಡನೆಯದು ಅದಕ್ಕಿಂತ ವಿಚಿತ್ರ. ಬಳಗಾನೂರಿನ ಗೇಟಿಗೆ ಒಂದು ಬಿಡುಗಡೆ ಕಳಿಸಿದೆ. ಫೋನ್ ತಂತಿ ಎಂದಿನಂತೆ ಎಳೆದಾಡಿತು, ಪರದೆ ಅರ್ಧಕ್ಕೇ ನಿಂತಿತು. ಕಲಿಸಿದಂತೆ ರಿಫ್ರೆಶ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಗೇಟಿನವ ಫೋನ್ ಮಾಡಿದ: “ಒಂದಽ ನಂಬರಿನ ಚೀಟಿ ಎರಡು ಸಲ ಬಂದಾವ್ರಿ. ಎತ್ತಿದ ಗೇಟು ಮತ್ತ ಎತ್ತು ಅಂದ್ರ, ಆಕಾಶಕ್ಕ ಎತ್ತಲೇನ್ರಿ?” ಎಂಜಿನಿಯರ್ ಈ ಸಲ ಸಿಂಪಲ್ ಎನ್ನಲಿಲ್ಲ. ಬಿಡುಗಡೆ ಮಾಡಿದ ಪುಟದ ಮೇಲೆಯೇ ರಿಫ್ರೆಶ್ ಒತ್ತಿದರೆ ಹಿಂದಿನ ಆಜ್ಞೆ ಮತ್ತೊಮ್ಮೆ ಹೋಗುತ್ತದೆ ಎಂದ. ಆ ಪುಟದ ಮೇಲೆ ಒತ್ತಬೇಡಿ, ಬೇರೆ ಪುಟದ ಮೇಲೆ ಒತ್ತಿ ಎಂದು ಒಂದು ಚೀಟಿ ಬರೆದು ಮಾನಿಟರಿನ ಅಂಚಿಗೆ ಗೋಂದು ಹಚ್ಚಿ ಅಂಟಿಸಿದ.

ಹಸಿರು ಪರದೆಯಾಗಿದ್ದರೆ “ಈ ಸಂಖ್ಯೆ ಆಗಲೇ ಹೋಗಿದೆ” ಎಂದು ತಡೆಯುತ್ತಿತ್ತು. ಆ ತಡೆ ಇದ್ದದ್ದು ಹಳೆಯ ಟರ್ಮಿನಲ್ಲಿನ ಪ್ರೋಗ್ರಾಮಿನಲ್ಲಿ. ಹೊಸ ಪುಟ ಆ ದಾರಿಯಲ್ಲಿ ಬರುತ್ತಲೇ ಇರಲಿಲ್ಲ. ಇದು ನಮಗೆ ಆಮೇಲೆ ತಿಳಿಯಿತು. ಆದರೆ ಇಷ್ಟು ಮಾತ್ರ ಆಗಲೇ ತಿಳಿದಿತ್ತು: ಎತ್ತಿದ ಗೇಟಿಗೆ ಎರಡನೆಯ ಚೀಟಿ ಬಂದರೆ ನಗು, ಇಳಿಸಿದ ಗೇಟಿಗೆ ಬಂದರೆ ನಗುವಂಥದ್ದೇನೂ ಇಲ್ಲ. ನಾನು ಸಾಹೇಬರಿಗೆ ಹೇಳಬೇಕಿತ್ತು. ಹೇಳಿದರೆ ಅವರು ಕಾಕಾನನ್ನು ಕೇಳುತ್ತಾರೆ, ಕೇಳಿದರೆ ಆ ಒಂದೂವರೆ ಪುಟ ಹೊರಗೆ ಬರುತ್ತದೆ. ಬಾಯಿ ಮುಚ್ಚಿಕೊಂಡೆ. ದಿನಕ್ಕೆ ಹತ್ತು ಜನರ ದನಿಯಲ್ಲಿ ಮಾತಾಡುವವನು ನನ್ನ ದನಿಯಲ್ಲಿ ಒಂದು ಮಾತು ಆಡಲಿಲ್ಲ.

ಆ ವಾರದ ಕೊನೆಗೆ ಕಾಕಾನದೇ ಫೋನ್ ಬಂತು. “ನನ್ನ ಪ್ರಶ್ನಿಗೆ ಉತ್ತರ ಸಿಕ್ತೇನು? ಅಭಿಪ್ರಾಯ ಇನ್ನೂ ನನ್ನ ಹತ್ರಽ ಐತಿ.” ನಾನು ಸಿಂಧನೂರು ಕ್ಲಾರ್ಕಿನ ದನಿ ತೆಗೆದು, “ಲಿಂಗಸುಗೂರು ಬಿಜಿ ಐತಿ, ಓವರ್,” ಎಂದು ಫೋನ್ ಇಟ್ಟೆ. ಯಾರೂ ನಗಲಿಲ್ಲ, ಕೋಣೆಯಲ್ಲಿ ನಾನೊಬ್ಬನೇ ಇದ್ದೆ.

ಮುಂದಿನ ವಾರ ಬಳಗಾನೂರು ಕಡೆಯ ಉಪಕಾಲುವೆಯನ್ನು ನಾಲ್ಕು ದಿನ ಬಂದ್ ಮಾಡಿದರು. ಗೇಟಿನಿಂದ ಎರಡು ಮೈಲಿ ಕೆಳಗೆ ಕಾಲುವೆ ರಸ್ತೆಯ ಅಡಿಯಲ್ಲಿ ಸುರಂಗವಾಗಿ ಹಾಯುತ್ತದೆ. ಅದರೊಳಗೆ ಹೂಳು ತುಂಬಿ ಮುಂದಿನ ಭತ್ತದ ಹೊಲಗಳಿಗೆ ನೀರು ಹತ್ತುತ್ತಿರಲಿಲ್ಲ. ಹೂಳು ತೆಗೆಯಲು ಗೊರೇಬಾಳದಿಂದ ಒಂದು ಗ್ಯಾಂಗ್ ಬಂತು. ಅವರು ಟ್ರ್ಯಾಕ್ಟರಿನಲ್ಲಿ ಸೀದಾ ಸುರಂಗದ ಬಾಯಿಗೇ ಬಂದು ಇಳಿಯುತ್ತಿದ್ದರು, ಗೇಟಿನ ಹತ್ತಿರ ಹಾಯುವ ಕೆಲಸವಿರಲಿಲ್ಲ. ಮೇಲೆ ಗೇಟಿನವನಿಗೆ ಬಂದ್ ಇದೆ ಎಂಬುದಷ್ಟೇ ಗೊತ್ತು, ಯಾರು ಯಾವಾಗ ಒಳಗಿದ್ದಾರೆಂದು ಗೊತ್ತಿಲ್ಲ.

ಎರಡನೆಯ ದಿನ, ಊಟಕ್ಕೆ ಮೊದಲು. ಮಾನಿಟರಿನ ಚೀಟಿ ಬಿಸಿಗೆ ಗೋಂದು ಬಿಟ್ಟು ಕೀಬೋರ್ಡಿನ ಹಿಂದೆ ಎಲ್ಲೋ ಬಿದ್ದಿತ್ತು. ಸಾಹೇಬರು ಬಂದು ನನ್ನ ಬೆನ್ನ ಹಿಂದೆ ನಿಂತರು. “ಏನೋ ಇದು, ಪರದಿ ಬೆಳ್ಳಗಾಗೇತಲ್ಲ?” ಫೋನ್ ಸಂಪರ್ಕ ಒಮ್ಮೆ ಕಡಿದು ಮತ್ತೆ ಸೇರಿತ್ತು, ಪುಟ ಹಾರಿಹೋಗಿತ್ತು. ಪರದೆಯ ಮೇಲೆ ಮೂರ್ನಾಲ್ಕು ಕಿಟಕಿಗಳು ಒಂದರ ಮೇಲೊಂದು ತೆರೆದಿದ್ದವು. ಬಂದ್‌ಗೆ ಮುಂಚೆ ಬಳಗಾನೂರಿನ ಬಿಡುಗಡೆ ಮಾಡಿದ ಪುಟವೂ ಅವುಗಳ ನಡುವೆ ಹಾಗೇ ಉಳಿದಿತ್ತು. ನಾನು ನೋಡುತ್ತಿರುವುದು ಅದನ್ನೇ ಎಂದು ನನಗೆ ಹೊಳೆಯಲಿಲ್ಲ.

ರಿಫ್ರೆಶ್ ಒತ್ತಿದೆ. ಇಂಗ್ಲಿಷಿನಲ್ಲಿ ಎರಡು ಸಾಲಿನ ಪ್ರಶ್ನೆ ಹೊತ್ತ ಒಂದು ಪುಟ್ಟ ಡಬ್ಬಿ ಎದ್ದು ಬಂತು. ಓದಲಿಲ್ಲ. ಟೈ ಸರಿಪಡಿಸಿಕೊಳ್ಳುವವನಂತೆ ಕುತ್ತಿಗೆ ಕೊಂಕಿಸಿ, “ಯೆಸ್ ಅಂಡಿ, ಸಿಂಪಲ್ ಅಂಡಿ,” ಎಂದು ಒತ್ತಿದೆ. ಸಾಹೇಬರು ನಕ್ಕರು. ಪುಟ ಬಣ್ಣ ತುಂಬಿಕೊಂಡು ಮರಳಿ ಬಂತು. ಬಳಗಾನೂರಿನ ಸಾಲು ಹಸಿರಾಗಿತ್ತು. ಪಕ್ಕದಲ್ಲಿ ಬಿಡುಗಡೆಯ ವೇಳೆ. ಗೋಡೆಯ ಗಡಿಯಾರ ನೋಡಿದೆ. ಅದೇ ವೇಳೆ.

ಸಾಹೇಬರೂ ನೋಡಿದರು. “ಇವತ್ತು ಸುರಂಗದಾಗ ಗ್ಯಾಂಗ್ ಇಳದೈತಿ,” ಎಂದರು. ಮಾತಿನ ಕೊನೆಗೆ “ಹೌದಲ್ಲ?” ಎಂದು ಕೇಳಲಿಲ್ಲ, ಕೆಮ್ಮಲಿಲ್ಲ.

ತಡೆಯ ಗುಂಡಿ ಒತ್ತಿದೆ. ಸಾಲು ಕೆಂಪಾಯಿತು. ಗುಡಿಸಲಲ್ಲಿ ಆಗಲೇ ಬಿದ್ದ ಕಾಗದ ಇದರಿಂದ ಬಿಳಿಯಾಗುವುದಿಲ್ಲ. ಗುಡಿಸಲಿಗೆ ಫೋನ್ ಮಾಡಿದೆ, ಎಂಗೇಜ್. ಮತ್ತೆ ಮಾಡಿದೆ, ಎಂಗೇಜ್. ಗುಡಿಸಲಿಗಿದ್ದದ್ದು ಒಂದೇ ತಂತಿ. ಅದರ ಮೇಲೆ ನಮ್ಮ ಹೊಸ ಪ್ರಿಂಟರೇ ಕೂತಿತ್ತು. ಲಿಂಗಸುಗೂರಿನಲ್ಲಿ ವೈರ್‌ಲೆಸ್ ಇರಲಿಲ್ಲ. ಆ ಗುಡಿಸಲಿಗೆ ದನಿ ಮುಟ್ಟಿಸಬಲ್ಲ ವೈರ್‌ಲೆಸ್ ಇದ್ದದ್ದು ಮಸ್ಕಿಯಲ್ಲಿ, ಕಾಕಾನ ಮೇಜಿನ ಮೇಲೆ.

“ಕಾಕಾ, ಬಳಗಾನೂರು ಗೇಟು ಇಳಿಸಾಕ ಹೇಳ್ರಿ. ಜಲ್ದಿ.”

“ಯಾರದು?”

“ನಾನ್ರಿ, ಲಿಂಗಸುಗೂರಿಂದ.”

“ಯಾವ ನಾನು? ಹೋದ ವಾರ ಸಿಂಧನೂರು ಆಗಿದ್ದಿ. ಅದರ ಹಿಂದ ಸಾಹೇಬ ಆಗಿದ್ದಿ. ಇವತ್ತು ಯಾರು?”

“ಇವತ್ತು ನಾನಽ ಕಾಕಾ. ತಪ್ಪಿ ಬಿಡುಗಡೆ ಹೋಗೇತಿ. ಸುರಂಗದಾಗ ಮಂದಿ ಅದಾರ.”

“ಎಷ್ಟು ಮಂದಿ?”

“ಗೊತ್ತಿಲ್ರಿ.”

ಆ ಕಡೆ ಕುರ್ಚಿ ಸರಿದ ಸದ್ದು. “‘ಗೊತ್ತಿಲ್ಲ’ ಅಂದ್ಯಲ್ಲ, ಹಂಗಾರ ನೀನಽ. ಅಣಕು ಮಾಡುವಾಗ ನಿನ್ನ ಹತ್ರ ಎಲ್ಲಾದಕ್ಕೂ ಉತ್ತರ ಇರ್ತೈತಿ.” ಫೋನನ್ನು ಮೇಜಿನ ಮೇಲಿಟ್ಟು ಅವರು ಮೈಕು ಎತ್ತಿದ್ದು ಕೇಳಿಸಿತು. ಮುಂದಿನದನ್ನೆಲ್ಲ ಮೇಜಿನ ಮೇಲೆ ಬಿದ್ದ ಆ ಫೋನಿನೊಳಗಿಂದ ಕೇಳಿದೆ.

“ಗೇಟು ಎಷ್ಟು ಎತ್ತಿ?”

“ಅರ್ಧಕ್ಕ ಬಂದೈತ್ರಿ. ಚೀಟಿ ಬಂದೈತಿ, ನಂಬರ್ ಬರೋಬ್ಬರಿ ಐತಿ.”

“ನಂಬರ್ ಕಿಸೆದಾಗ ಇಟ್ಕೋ. ಸುರಂಗದಾಗ ಮಂದಿ ಅದಾರ.”

“ಯಪ್ಪಾ... ಈಗಽ ಇಳಸ್ತೀನ್ರಿ.”

“ನೀ ಇಳಸಬ್ಯಾಡ. ಗೇಟು ಇಳಿಸಿದ್ರ ಹೋದ ನೀರು ತಿರುಗಿ ಬರೂದಿಲ್ಲ. ಚಕ್ರ ನಿನ್ನ ಹೇಣ್ತಿ ಕೈಗೆ ಕೊಡು. ನೀ ಸೈಕಲ್ ಹತ್ತು. ನೀರಿಗಿಂತ ಮುಂದ ಹೋಗು.”

ಆಮೇಲೆ ಗರಗರ ಸದ್ದು ಮಾತ್ರ. ಗೇಟಿನವನ ಹೆಂಡತಿ ಚಕ್ರ ತಿರುಗಿಸುತ್ತಾ ಎಣಿಸುತ್ತಿದ್ದಳಂತೆ, ಅದೂ ಕೇಳಿಸುತ್ತಿರಲಿಲ್ಲ. ಒಣಗಿದ ಕಾಲುವೆಯಲ್ಲಿ ನೀರಿನ ತಲೆ ಹೇಗೆ ಬರುತ್ತದೆಂದು ನಾನು ನೋಡಿದ್ದೇನೆ. ಅಬ್ಬರವಿಲ್ಲ. ಕಸ, ಕಡ್ಡಿ, ನೊರೆ ತಳ್ಳಿಕೊಂಡು, ಅವಸರವೇ ಇಲ್ಲವೆನ್ನುವಂತೆ ಬರುತ್ತದೆ. ಏರಿಯ ಮೇಲೆ ಸೈಕಲ್ಲು, ಪಕ್ಕದಲ್ಲಿ ಅದು. ಸಾಹೇಬರು ನನ್ನ ಎದುರು ಕೂತು ಬಣ್ಣದ ಪುಟವನ್ನು ನೋಡುತ್ತಿದ್ದರು. ಅದರಲ್ಲಿ ಬಳಗಾನೂರಿನ ಸಾಲು ಕೆಂಪಗೆ, ಎಲ್ಲ ಸರಿಯಾಗಿದೆ ಎನ್ನುವಂತೆ, ಉರಿಯುತ್ತಿತ್ತು.

ಸುದ್ದಿ ಬರುವ ಹೊತ್ತಿಗೆ ಊಟದ ವೇಳೆ ದಾಟಿ ಬಹಳ ಹೊತ್ತಾಗಿತ್ತು. ಗ್ಯಾಂಗಿನ ಮುಂದಾಳು, ಗೊರೇಬಾಳದ ಒಬ್ಬ ಹೆಂಗಸು, ಒಳಗೆ ಕಾಲಿಗೆ ತಣ್ಣಗಾದಾಗ ಕೈಯಲ್ಲಿದ್ದ ಬುಟ್ಟಿ ಬಿಸಾಕಿ ಎಲ್ಲರಿಗೂ ಹೊರಡಿ ಎಂದು ಕೂಗಿದಳಂತೆ. ಮೇಲಿನಿಂದ ಸೈಕಲ್ಲಿನವನೂ ಕೂಗಿದ. ಒಬ್ಬರ ಸೆರಗು ಒಬ್ಬರು ಹಿಡಿದು ಕತ್ತಲಲ್ಲಿ ಬಾಯಿಯ ಕಡೆ ನಡೆದರು. ಕೊನೆಯವನು ವಯಸ್ಸಾದವನು. ಅವನನ್ನು ಎಳೆದು ತೆಗೆಯುವಾಗ ನೀರು ಎದೆಗೆ ಬಂದಿತ್ತು. ಕಲ್ಲಿನ ಅಂಚಿಗೆ ಬಡಿದು ಅವನ ಹೆಗಲ ಎಲುಬು ಮುರಿಯಿತು. ಹನ್ನೊಂದು ಜನ ಇಳಿದಿದ್ದರು ಎಂಬುದು ನಮಗೆ ತಿಳಿದದ್ದು ಹನ್ನೊಂದೂ ಜನ ಹೊರಗೆ ಬಂದ ಮೇಲೆ.

ಅಂದು ಸಂಜೆ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಫೈಲು ತರಿಸಿ ಆ ಒಂದೂವರೆ ಪುಟವನ್ನು ಎರಡು ಸಲ ಓದಿದರು. ಈ ಸಲ ನಗಲಿಲ್ಲ.

“ಇದನ್ನ ನಾ ಓದೇ ಇಲ್ಲ ಅನ್ಕೋ, ನೀ ಬರದೇ ಇಲ್ಲ ಅನ್ಕೋ. ಮಂದಿ ಹೊರಗ ಬಂದಾರ. ಪ್ರಯೋಗ ಯಶಸ್ವಿ ಅಂತ ಸೋಮವಾರ ವರದಿ ಹೋಗಬೇಕು. ಆ ಅಂಟಿಸೋ ಚೀಟಿ ಗಟ್ಟಿ ಅಂಟಿಸು. ಹೌದಲ್ಲ?”

ಒಪ್ಪಿಕೊಂಡಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು, ಅವರದೂ. ಹೂಳು ಇನ್ನೂ ಅರ್ಧ ಉಳಿದಿತ್ತು. ಅಂದರೆ ಅದೇ ಸುರಂಗಕ್ಕೆ ಅದೇ ಜನ ಮತ್ತೆ ಇಳಿಯಬೇಕು, ಅದೇ ಪರದೆಯ ಮುಂದೆ ನಾನೋ ನನ್ನಂಥ ಇನ್ನೊಬ್ಬನೋ ಕೂರಬೇಕು. ರಾತ್ರಿಯೆಲ್ಲ ಇದನ್ನೇ ತಿರುವಿ ಹಾಕಿ, ಬೆಳಿಗ್ಗೆ ಮೊದಲ ಬಸ್ಸಿಗೆ ಮಸ್ಕಿಗೆ ಹೋದೆ. ಆ ಪುಟದ ನಕಲನ್ನು ಕಾಕಾನ ಮುಂದೆ ನಿಂತು ಓದಿದೆ. ಅವರ ದನಿ ತಾನಾಗಿ ನಾಲಿಗೆಗೆ ಬರುತ್ತಿತ್ತು. ಅದನ್ನು ತಡೆದು ಓದುವುದು ಎಷ್ಟು ಕಷ್ಟವೆಂದು ಅಂದು ಗೊತ್ತಾಯಿತು.

ಕಾಕಾ ಟವೆಲ್ ಮಡಿಸಿದರು, ಬಿಚ್ಚಿದರು. “ನಾ ಹಿಂಗಽ ಮಾತಾಡ್ತೀನೇನು?”

“ಹೌದ್ರಿ.”

“ಮಾತೇನೋ ನನ್ನಂಗಽ ಐತಿ. ಆದ್ರ ಮಂದಿ ಅದಾರೋ ಇಲ್ಲೋ ಅಂತ ಕೇಳಲಾರದಾಂವ ನಾ ಅಲ್ಲ ತಮ್ಮಾ.” ಖಾಲಿ ನಮೂನೆ ಕೇಳಿದರು. ಏಳು ಪ್ರಶ್ನೆಗಳನ್ನೂ ಬಿಟ್ಟು ಕೆಳಗೆ ಒಂದೇ ಸಾಲು ಬರೆದರು: ಈ ಪುಟ ಹಿಂದಿನದನ್ನು ತೋರಿಸುತ್ತದೆ, ಒಳಗಿದ್ದವರನ್ನು ತೋರಿಸುವುದಿಲ್ಲ. ಸಹಿ ಹಾಕಿದರು. ಬಾಲ ನಾನು ಎಳೆದಷ್ಟು ಉದ್ದವಿರಲಿಲ್ಲ. ಎರಡೂ ಕಾಗದಗಳನ್ನು, ಯಾವುದು ಯಾರದೆಂದು ಮೇಲೆ ಬರೆದು, ನಾನೇ ಮೇಲಿನ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಸಾಹೇಬರು ನನ್ನ ಜೊತೆ ಮಾತು ಬಿಟ್ಟರು. ಗುತ್ತಿಗೆಯನ್ನು ಆ ತಿಂಗಳ ಕೊನೆಗೆ ನಿಲ್ಲಿಸುವ ಕಾಗದ ಬಂತು. ಅದಕ್ಕೆ ನನ್ನ ತಕರಾರು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಮೇಲಿನ ಕಚೇರಿ ಇಷ್ಟಕ್ಕೇ ತೀರ್ಮಾನ ಮಾಡಲಿಲ್ಲ. ಎಲ್ಲರನ್ನೂ ಕೂರಿಸಿ ಮಾತಾಡಿ ಬರೆಯಿರಿ ಎಂದಿತು. ಮಸ್ಕಿ ಕಚೇರಿಯಲ್ಲಿ ಸಭೆ. ಗೊರೇಬಾಳದ ಗ್ಯಾಂಗ್ ಮತ್ತೆ ಸುರಂಗಕ್ಕೆ ಇಳಿಯುವುದಿಲ್ಲವೆಂದು ಕೂತಿತ್ತು, ಕೆಳಗಿನ ರೈತರು ನೀರಿಗಾಗಿ ದಿನಾ ಬಂದು ನಿಲ್ಲುತ್ತಿದ್ದರು. ಹಾಗಾಗಿ ಒಪ್ಪಿಸಲೆಂದು ಗ್ಯಾಂಗಿನ ಮುಂದಾಳನ್ನೂ ಕರೆಸಿದ್ದರು. ಕುರ್ಚಿ ಕೊಟ್ಟರೂ ಅವಳು ಕೂರಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

ಒಂದು ಮಾತು ಇಲ್ಲಿ ಹೇಳಬೇಕು. ಆ ಬಣ್ಣದ ಪುಟವೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಸಿಂಧನೂರಿನ ಅಕ್ಕಾವರು ಸಭೆಯಲ್ಲೂ ಅದರ ಪರವಾಗಿಯೇ ಮಾತಾಡಿದರು, ಅವರ ಬೆರಳುಗಳು ಅಂದೂ ಸವೆದೇ ಇದ್ದವು. ಕೊನೆಗೆ ಉಳಿದ ಏರ್ಪಾಡೂ ಅಂಥದ್ದೇ. ಪುಟ ನೋಡಲಿಕ್ಕೆ ಮಾತ್ರ, ಬಿಡುಗಡೆ ಹಸಿರು ಪರದೆಯಲ್ಲಿ ಎಂಟಂಕಿ ಹೊಡೆದು. ಚೀಟಿ ಮೊದಲಿನಂತೆ ಮಸ್ಕಿಗೆ. ಗೇಟಿನವ ಏರಿಯುದ್ದಕ್ಕೂ ನೋಡಿ ಬಂದ ಮೇಲೆ, ಸುರಂಗದ ಬಾಯಲ್ಲಿ ನಿಂತವರು ತಾವು ಹೊರಗಿದ್ದೇವೆಂದು ಅಲ್ಲಿಗೆ ಕೊಟ್ಟ ವೈರ್‌ಲೆಸ್ಸಿನಲ್ಲಿ ತಮ್ಮ ಬಾಯಿಂದ ಹೇಳಿದ ಮೇಲೆ ನೀರು. ಸಾಹೇಬರು ಇದನ್ನು ಬರೆದುಕೊಂಡು ಫೈಲು ಮುಚ್ಚಿದ್ದು, ಎಂಜಿನಿಯರ್ ಟೈ ಸಡಿಲಿಸಿದ್ದು, ಮರುದಿನ ಗ್ಯಾಂಗ್ ಕೆಲಸಕ್ಕೆ ಬಂದದ್ದು, ಎಲ್ಲ ಆ ಸಭೆಯ ಕೊನೆಯ ಒಂದು ಮಾತಿನಿಂದ. ಅದನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. ಅವಳ ದನಿಯನ್ನು ಮಾತ್ರ ನಾನು ಇಂದಿಗೂ ಯಾರ ಮುಂದೆಯೂ ಅನುಕರಿಸಿಲ್ಲ.

ಎಂಜಿನಿಯರ್ ಹೇಳುತ್ತಿದ್ದ: “ಸಿಂಪಲ್ ಅಂಡಿ. ಗುಂಡಿ ಒತ್ತಿದ ಕೂಡಲೇ ಇನ್ನೊಂದು ಡಬ್ಬಿ ಬರುವ ಹಾಗೆ ಮಾಡ್ತೀನಿ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೇ: ‘ಖಾತ್ರಿ ಇದೆಯೇ?’ ಯೆಸ್ ಅಂದ್ರೆ ಮಾತ್ರ ನೀರು ಹೋಗುತ್ತೆ.”

ಸಾಹೇಬರ ಮುಖ ಬೆಳಗಿತು. ಬಾಗಿಲ ಕಡೆ ತಿರುಗಿದರು. “ಕೇಳಿದೇನವ್ವಾ? ಇನ್ಮ್ಯಾಲ ಖಾತ್ರಿ ಮಾಡ್ಕೊಂಡಽ ನೀರು ಬಿಡ್ತೀವಿ. ಹೌದಲ್ಲ?”

ಅವರು ಕೆಮ್ಮುವ ಮೊದಲೇ ಅವಳು ಅಂದಳು: “ಖಾತ್ರಿ ಐತೇನು ಅಂತ ಗುಂಡಿ ಒತ್ತಾವನ್ನ ಯಾಕ ಕೇಳ್ತೀರಿ ಸಾಹೇಬ್ರ? ಅಂವ ಫ್ಯಾನಿನ ಕೆಳಗ ಕುಂತಾನ. ಸುರಂಗದಾಗ ನಿಂತಾಕಿ ನಾನು, ನನ್ನ ಕೇಳ್ರಿ.”